ಮದರಬೀ ಬಳೆ ಇಟ್ಟ ಮನೆಗಳು

ಖಾನಾಪುರದ ಮದರಬೀ ನಲವತ್ತು ವರ್ಷಗಳಿಂದ ಬೆಳಗಾವಿಯ ಹೆಣ್ಣುಮಕ್ಕಳಿಗೆ ಬಳೆ ಇಡುವವಳು. ಮೊದಲ ಬಸ್ಸಿಗೆ ಬಂದು, ಹೆಗಲ ಮೇಲೆ ಬಳೆಯ ಮಲಾರ ಏರಿಸಿಕೊಂಡು ಶಿವಬಸವ ನಗರಕ್ಕೆ ಕಾಲಿಟ್ಟಳೆಂದರೆ ಓಣಿಗೆಲ್ಲ ಸಂಭ್ರಮ. ಬಾಗಿಲು ತಟ್ಟುವುದೇ ಗೊತ್ತಿರಲಿಲ್ಲ ಅವಳಿಗೆ! ಸೀದಾ ನಡುಮನೆಗೆ ನುಗ್ಗಿ, "ಚಂದ್ರವ್ವಕ್ಕಾ, ಚಾ ಇಡ್ರಿ ಮೊದ್ಲ" ಎಂದು ಕಾಲು ಚಾಚಿ ಕೂರುವುದೇ. ಕೈಯನ್ನು ಮೆತ್ತಗೆ ಹಿಚುಕುತ್ತ, ಊರ ಸುದ್ದಿ ಹೇಳಿ ನಗಿಸುತ್ತ, ಡಜನ್ ಬಳೆ ಏರಿಸಿದ್ದು ಗೊತ್ತೇ ಆಗುತ್ತಿರಲಿಲ್ಲ. ಬಳೆ ಇಟ್ಟ ಮೇಲೆ ಸೊಸೆಯಂದಿರು ಅವಳ ಕಾಲಿಗೆ ನಮಸ್ಕರಿಸುತ್ತಿದ್ದರು. ಎಂಥ ದಿನಗಳು ಅವು!

ಈ ವರ್ಷ ಯಾವನೋ ಪುಣ್ಯಾತ್ಮ ಪೊಲೀಸರ ಹೆಸರಿನಲ್ಲಿ ಜಾಲತಾಣದಲ್ಲಿ ನಕಲಿ ಖಾತೆ ತೆರೆದ. ಕೂಸಿಗೆ ಬಳೆ ಇಡುತ್ತಿದ್ದ ಮದರಬೀಯ ಫೋಟೋ ಹಾಕಿ, ಮಕ್ಕಳ ಕಳ್ಳಿ ಬಂದಿದ್ದಾಳೆ, ಎಚ್ಚರ ಎಂದು ಬರೆದ. ಸೆರಗು ಅಡ್ಡವಾಗಿ ಅವಳ ಮುಖ ಕಾಣುತ್ತಿರಲಿಲ್ಲ. ಬೆಳಗಾಗುವುದರೊಳಗೆ ಅದು ಎಲ್ಲರ ಮೊಬೈಲಿಗೂ ಬಂತು.

ಮದರಬೀಗೆ ಇದೇನೂ ಗೊತ್ತಿಲ್ಲ, ಪಾಪ. ಅಂದು ಹಿಂದವಾಡಿಯ ಓಣಿಗೆ ಕಾಲಿಟ್ಟಾಗ, ಫೋಟೋದಲ್ಲಿದ್ದ ಸೀರೆಯನ್ನೇ ಕಂಡ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಚಿಲಕ ಹಾಕಿದರು. ಒಬ್ಬ ಗಂಡಸು ಮಲಾರ ಕಿತ್ತು ನೆಲಕ್ಕೆ ಬಡಿದ. ಉಳಿದ ಬಳೆಗಳನ್ನು ಸೆರಗಿಗೆ ತುಂಬಿಕೊಂಡು ಅವಳು ಶಿವಬಸವ ನಗರದ ಚಂದ್ರವ್ವನ ಮನೆಗೆ ಬಂದಳು. ಮರುದಿನ ಅಲ್ಲಿ ಮೊಮ್ಮಗಳು ಸಮೃದ್ಧಿಯ ಕುಬಸ. ಅದರ ಹಿಂದಿನ ದಿನವೇ ಬಸುರಿಯ ಕೈಗೆ ಹಸಿರು ಬಳೆ ಇಡಬೇಕಿತ್ತು.

"ನನಗ ಮಕ್ಕಳ ಕಳ್ಳಿ ಅಂದ್ರ ಅಕ್ಕಾ. ಇನ್ನ ನನ್ನ ಯಾರ ಒಳಗ ಬಿಡ್ತಾರ?"

ಸಮೃದ್ಧಿ ಗಾಬರಿಯಿಂದ ಮೊಬೈಲ್ ತೆಗೆದು ಅಜ್ಜಿಗೆ ತೋರಿಸಿದಳು. ಚಂದ್ರವ್ವ ಕನ್ನಡಕ ಏರಿಸಿ ನೋಡಿದಳು.

"ಅಯ್ಯ ಶಿವನ! ಈ ಸೀರಿ ನಾನ ಕೊಟ್ಟದ್ದ. ಈಕಿ ನಮ್ಮ ಮದರಬೀ ಅಲ್ಲೇನ? ನೀನೂ ಕಳಿಸೀ ಏನ ಇದನ್ನ?"

"ಮೂರು ಗ್ರೂಪಿಗೆ, ಆಯೀ. ಪೊಲೀಸರ ಹೆಸರಿತ್ತು, ಖರೇ ಅನ್ಕೊಂಡೆ."

"ಹೆಸರ ಯಾರರೆ ಹಚ್ಗೋತಾರ. ನೀ ತೊಟ್ಟಿಲದಾಗ ಇದ್ದಾಗ ಬಳಿ ಇಟ್ಟಾಕಿ ಈಕಿ. ಒಂದ ಸಲ ನೆಟ್ಟಗ ನೋಡಾಕ ಏನ ಆಗಿತ್ತು ನಿನಗ?"

ನಾಚಿಕೆಯಿಂದ ಸಮೃದ್ಧಿಯ ಕಣ್ಣುಗಳು ತುಂಬಿದವು. ಅಲ್ಲೇ ನಿಂತು ತನ್ನ ಮಾತು ರೆಕಾರ್ಡ್ ಮಾಡಿ ಆ ಮೂರೂ ಗ್ರೂಪಿಗೆ ಕಳಿಸಿದಳು: "ಮುಂಜಾನೆ ನಾ ಕಳಿಸಿದ್ದು ಸುಳ್ಳು ಸುದ್ದಿ. ಫೋಟೋದಾಗ ಇರಾಕಿ ನಮ್ಮ ಮನಿ ಬಳಿಗಾರ್ತಿ ಮದರಬೀ. ತಪ್ಪು ನಂದು." ಆಮೇಲೆ ಮದರಬೀಯ ಕಾಲು ಮುಟ್ಟಿದಳು.

ಚಂದ್ರವ್ವ ಎಂದಿನಂತೆ ನಡುಮನೆಯಲ್ಲಿ ಚಾಪೆ ಹಾಸಿ ಕರೆದಳು. ಮದರಬೀ ಒಳಗೆ ಹೋಗಲಿಲ್ಲ. ಹೊಸ್ತಿಲ ಹತ್ತಿರವೇ ಕುಳಿತು ಸಮೃದ್ಧಿಯ ಕೈ ಹಿಡಿದಳು.

"ಇಲ್ಲೇ ಇಡ್ತೀನ್ರಿ ಅಕ್ಕಾ. ಬಾಗಲಾ ತೆರದ ಇರಲಿ. ನಾ ಏನ ಮಾಡಾಕತ್ತೀನಿ ಅಂತ ಹಾದ್ಯಾಗ ಹೋಗವ್ರಿಗೆಲ್ಲಾ ಕಾಣಲಿ."