ಕನ್ನಡದ ಕೂಗು, ಮನೆ ಬಾಡಿಗೆ

ನನ್ನ ಕನ್ನಡಾಭಿಮಾನ ಬಹಳ ದೊಡ್ಡದು. ಆದರೆ ಅದು ವಾಸವಿದ್ದದ್ದು ಬಾಡಿಗೆ ಮನೆಯಲ್ಲಿ. ಎಂಬತ್ತರ ದಶಕದ ಆರಂಭದಲ್ಲಿ ನಾನು ತಿಪಟೂರಿನ ಸರ್ಕಾರಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಬೀದಿಯ ಕೊನೆಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಗುವವರೆಗೆ ನನಗೂ ಮನೆ ಮಾಲೀಕ ರುದ್ರಣ್ಣನಿಗೂ ಯಾವ ತಕರಾರೂ ಇರಲಿಲ್ಲ.

ಶಾಲೆ ಬಂದದ್ದೇ ತಡ, ತುರುವೇಕೆರೆ, ದಂಡಿನಶಿವರದ ಕಡೆಯ ತಾಯಂದಿರು ಗಂಡನನ್ನು ತೆಂಗಿನ ತೋಟದ ಕಾವಲಿಗೆ ಬಿಟ್ಟು, ಮಕ್ಕಳನ್ನೂ ಸೀಮೆಎಣ್ಣೆ ಸ್ಟೌವನ್ನೂ ಕಟ್ಟಿಕೊಂಡು ಬಂದಿಳಿದರು. ದನದ ಕೊಟ್ಟಿಗೆಗೂ ಸುಣ್ಣ ಬಳಿದು ಬಾಡಿಗೆ ಕೇಳುವ ಕಾಲ ಬಂತು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ನಮ್ಮಲ್ಲಿ ಹೆಚ್ಚುಕಡಿಮೆ ವರ್ಷದವರೆಗೆ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಕಳಚಿಕೊಳ್ಳಬೇಕು. ರುದ್ರಣ್ಣ ಆರೇ ತಿಂಗಳಿಗೆ ಪಕ್ಕದಲ್ಲಿದ್ದ ತನ್ನ ಇನ್ನೊಂದು ಮನೆಯ ಅಟ್ಟದಿಂದ ಕಾಯಿ ಇಳಿಸಿ, ಅಲ್ಲಿಗೆ ಒಂದು ಸಂಸಾರವನ್ನು ಹತ್ತಿಸಿದ. ಆಮೇಲೆ ನಮ್ಮ ಜಗಲಿಗೆ ಬಂದ.

“ಯುಗಾದಿ ಒತ್ಗೆ ಮನೆ ಬುಟ್ಕೊಡಿ ಮೇಷ್ಟ್ರೇ. ಒಂದೂವರೆ ಪಟ್ಟು ಕೊಡೋರು ಕಾಯ್ತಾ ಅವ್ರೆ ಕಣ್ರೀ.”

ನನ್ನ ಸಂಬಳಕ್ಕೆ ಊರಿನಲ್ಲಿ ಬೇರೆ ಮನೆ ಸಿಗುವಂತಿರಲಿಲ್ಲ. ಸಾಲದ್ದಕ್ಕೆ, ಮಗಳನ್ನು ಅದೇ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ಕನ್ನಡ ಮೇಷ್ಟ್ರ ಮಗಳು ಅಲ್ಲಿಗೆ ಹೋದರೆ ನನ್ನ ಮಾನ ಏನಾದೀತು ಎಂದು ನಾನು ಮುಂದೂಡುತ್ತಿದ್ದೆ. ಫೀಜಿಗೆ ದುಡ್ಡಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಅಷ್ಟರಲ್ಲಿ ಶಾಲೆಗಳಲ್ಲಿ ಕನ್ನಡವೇ ಮೊದಲ ಭಾಷೆಯಾಗಬೇಕೆಂಬ ಕೂಗು ರಾಜ್ಯದಲ್ಲೆಲ್ಲ ಎದ್ದಿತು. ನಾನೂ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಜೈಕಾರ ಹಾಕಿದೆ, ಅರ್ಧ ಭಾಷೆಗಾಗಿ, ಅರ್ಧ ಮನೆಗಾಗಿ. ಇಂಗ್ಲಿಷ್ ಶಾಲೆಗೆ ಬೀಗ ಬೀಳುತ್ತದಂತೆ ಎಂದು ಸಂತೆಯಲ್ಲಿ ಸುದ್ದಿ ಹಬ್ಬಿತು. ಬರಬೇಕಾದವರು ಬರಲಿಲ್ಲ, ಬಂದವರು ಸ್ಟೌ ಹೊತ್ತು ವಾಪಸು ಹೋದರು. ಹಸಿಹಸಿಯಾಗಿ ಇಳಿಸಿದ ಕಾಯಿಯನ್ನು ಮಂಡಿಯವರು ಮೂಸಿಯೂ ನೋಡಲಿಲ್ಲ. ಬಾಡಿಗೆಗೂ ಕೊಬ್ಬರಿಗೂ ಎರವಾದ ರುದ್ರಣ್ಣ ಮತ್ತೆ ಜಗಲಿಗೆ ಬಂದು ಕೂತ.

“ನಿಮ್ ಕನ್ನಡ ನನ್ ಮನೆ ತೊಳೀತು ಕಣ್ರೀ. ಹಳೇದ್ಕಿಂತ ಕಮ್ಮೀನೇ ಕೊಡಿ, ಹೋಗ್ಬ್ಯಾಡಿ.”

ನಾನು ಗೆದ್ದೆನೆಂದು ಬೀಗುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದಳು. ಶಾಲೆ ಮುಚ್ಚುವುದಿಲ್ಲವಂತೆ, ಅಲ್ಲಿಯೂ ಕನ್ನಡ ಕಲಿಸುತ್ತಾರಂತೆ; ಬಾಡಿಗೆಯಲ್ಲಿ ಉಳಿದದ್ದು ಫೀಜಿಗೆ ಸರಿಹೋಗುತ್ತದೆ ಎಂದಳು. ನನ್ನ ಬಳಿ ಇದ್ದ ಎರಡು ಕಾರಣಗಳೂ ಒಟ್ಟಿಗೇ ಕೈಕೊಟ್ಟವು.

ಮರುದಿನ ಅರ್ಜಿ ತುಂಬುವಾಗ ನಾಚಿಕೆಯಾಯಿತು, ಸುಳ್ಳು ಹೇಳಲಾರೆ. ತಂದೆಯ ಉದ್ಯೋಗ ಎಂಬಲ್ಲಿ ‘ಶಿಕ್ಷಕ’ ಎಂದಷ್ಟೇ ಬರೆದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ; ನಾನೂ ಕನ್ನಡದ ಮರ್ಯಾದೆ ಕಾಪಾಡಿದೆ.