ಪೇಪರಿನಲ್ಲೊಂದು ಕಿಟಕಿ

ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಪೇಪರು ಬಿಡಿಸಿದರೆ ಐದನೆಯ ಪುಟದ ನಡುವೆ ಚೌಕಾಕಾರದ ಒಂದು ಕಿಟಕಿ. ಅದರೊಳಗಿಂದ ನನ್ನ ಪಂಚೆ ಕಾಣಿಸುತ್ತಿತ್ತು. ನನ್ನಾಕೆ ನನಗಿಂತ ಮೊದಲೇ ಎದ್ದು ಹೀರೇಕಾಯಿ ಸಿಪ್ಪೆಯ ಚಟ್ನಿ ಮಾಡುವ ವಿಧಾನವನ್ನು ಕತ್ತರಿಸಿಕೊಂಡಿದ್ದಳು. ಆ ಚಟ್ನಿಯನ್ನು ಅವಳು ಮದುವೆಯಾದಾಗಿನಿಂದ ಚೆನ್ನಾಗಿಯೇ ಮಾಡುತ್ತಿದ್ದಾಳೆ. ಪೇಪರಿನವರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡಬೇಕಂತೆ. ರೇಗಲು ತೆರೆದ ಬಾಯಿಗೆ ಕಾಫಿ ಸುರಿದುಕೊಂಡೆ. ಪೇಪರಿಗೆ ಕಿಟಕಿ ಕೊರೆಯುವ ವಿಷಯದಲ್ಲಿ ಇನ್ನೊಬ್ಬರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಎಂದಿರಾ? ಕೂತುಕೊಳ್ಳಿ, ಹೇಳುತ್ತೇನೆ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಂಬಾಜಿದುರ್ಗದ ಬುಡದ ಹಳ್ಳಿಯವನಾದ ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಚಿಂತಾಮಣಿಯ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಕೆಲಸ ಹುಡುಕುತ್ತಿದ್ದೆ. ಹುಡುಕುತ್ತಿದ್ದೆ ಅನ್ನುವುದು ನನ್ನ ಮಾತು. ‘ತಿಂದು ತಿರುಗ್ತಾನೆ’ ಅನ್ನುವುದು ಅತ್ತೆಯ ಮಾತು. ಎರಡೂ ನಿಜ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾನು ವಾಚನಾಲಯದ ಬೆಂಚಿನ ಮೇಲೆ ಇರುತ್ತಿದ್ದೆ. ಬೆಂಗಳೂರಿನ ಬಸ್ಸು ತಂದು ಹಾಕುವ ಒಂದೇ ಒಂದು ಪೇಪರಿಗೆ ಅಲ್ಲಿ ನಾವು ಎಂಟು ಹತ್ತು ಜನ ನಿರುದ್ಯೋಗಿಗಳು ಕಾದಿರುತ್ತಿದ್ದೆವು.

ವಾಚನಾಲಯ ನೋಡಿಕೊಳ್ಳುತ್ತಿದ್ದವರು ನಾರಾಯಣಪ್ಪನವರು. ಅಂಚೆ ಇಲಾಖೆಯಲ್ಲಿ ಜೀವಮಾನ ಸವೆಸಿ ನಿವೃತ್ತರಾದವರು. ಮೊಹರು ಒತ್ತುವುದು ಅವರ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಪೇಪರು ಬಂದ ತಕ್ಷಣ ಪ್ರತಿ ಪುಟಕ್ಕೂ ವಾಚನಾಲಯದ ದುಂಡು ಮೊಹರನ್ನು ಧಪ್ ಧಪ್ ಎಂದು ಒತ್ತಿ ಮುಗಿಸುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಮಂತ್ರಿಗಳ ಮುಖದ ಮೇಲೂ ನೀಲಿ ಮೊಹರು, ಸಿನಿಮಾ ತಾರೆಯ ಕೆನ್ನೆಯ ಮೇಲೂ ನೀಲಿ ಮೊಹರು.

ಕೆಲಸಕ್ಕೆ ಕರೆದ ಕಾಗದಗಳನ್ನು ಮನೆಮನೆಗೆ ಹಂಚಿದ ಮನುಷ್ಯ. ಹಾಗಾಗಿ ಕೆಲಸ ಹುಡುಕುವ ವಿದ್ಯೆಯಲ್ಲಿ ಅವರನ್ನು ಮೀರಿದವರು ತಾಲ್ಲೂಕಿನಲ್ಲೇ ಇರಲಿಲ್ಲ. “ಜಾಹೀರಾತಿನಲ್ಲಿ ಮೊದ್ಲು ಕೊನೇ ತಾರೀಖು ಓದ್ರಪ್ಪಾ, ಆಮೇಲೆ ವಯಸ್ಸು, ಕೆಲಸದ ಹೆಸ್ರು ಕಡೇಗೆ. ನೀವು ಉಲ್ಟಾ ಓದಿ ಸುಮ್ನೆ ಕನಸು ಕಾಣ್ತೀರ,” ಅನ್ನುತ್ತಿದ್ದರು. ಅರ್ಜಿ ಬರೆದ ಮೇಲೆ ಒಂದು ಸಲ ಗಟ್ಟಿಯಾಗಿ ಓದಬೇಕು. ಓದುವಾಗ ನಮಗೇ ನಾಚಿಕೆಯಾದ ಸಾಲನ್ನು ಹೊಡೆದು ಹಾಕಬೇಕು. ಕೆಲಸ ಸಿಕ್ಕಿತೆಂದು ಕುಣಿಯುವ ಮುಂಚೆ ಸಂಜೆ ಆ ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಕೂತು, ಹೊರಗೆ ಬರುವವರ ಮುಖ ನೋಡಬೇಕು. “ಆ ಮುಖ ಮೂವತ್ತು ವರ್ಷ ನಿನ್ನ ಕತ್ತಿನ ಮೇಲೆ ಇರ್ಬೇಕಾಗ್ತದೆ. ಪರ್ವಾಗಿಲ್ವಾ ಅಂತ ಕೇಳ್ಕೋ.” ನಿನಗಿಂತ ಮುಂಚೆ ಆ ಕುರ್ಚಿಯಲ್ಲಿ ಇದ್ದವನು ಯಾಕೆ ಬಿಟ್ಟ ಅನ್ನುವುದನ್ನು ತಿಳಿಯದೆ ಕೂರಬೇಡ ಅನ್ನುವುದು ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸದ ಸುದ್ದಿ ಕಂಡರೆ ನಾಲ್ಕು ಜನಕ್ಕೆ ಹೇಳಬೇಕು. “ಹೇಳಿದ್ರೆ ನಿನ್ನ ಗಂಟೇನೂ ಹೋಗಲ್ಲ ಕಣಪ್ಪಾ. ನಿನಗೆ ಎಂಟು ಕಣ್ಣು ಜಾಸ್ತಿ ಆಗ್ತವೆ.”

ಈ ಕೊನೆಯ ಮಾತನ್ನು ನಾನೂ ಮುನಿರಾಜುವೂ ಒಪ್ಪಂದವನ್ನೇ ಮಾಡಿಕೊಂಡು ಪಾಲಿಸುತ್ತಿದ್ದೆವು. ಮುನಿರಾಜು ನನ್ನ ಹೈಸ್ಕೂಲಿನ ಗೆಳೆಯ, ಶಿಡ್ಲಘಟ್ಟದವನು; ತಡವಾಗಿ ಸ್ಕೂಲು ಸೇರಿದ್ದರಿಂದ ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನ ತಾಯಿ ಮನೆಯ ಹಿತ್ತಲಲ್ಲಿ ರೇಷ್ಮೆ ಗೂಡನ್ನು ನೀರಲ್ಲಿ ಬೇಯಿಸಿ ನೂಲು ಬಿಚ್ಚುತ್ತಿದ್ದರು. ಅಲ್ಲಿ ಸಿಕ್ಕ ಸುದ್ದಿಯನ್ನು ಅವನು ನನಗೆ, ಇಲ್ಲಿ ಸಿಕ್ಕ ಸುದ್ದಿಯನ್ನು ನಾನು ಅವನಿಗೆ ಹೇಳಬೇಕು. ಭಾನುವಾರ ಬೆಳಿಗ್ಗೆ ನಮ್ಮ ಸಣ್ಣ ರೈಲು ಹತ್ತಿ ಬಂದು ವಾರದ ಪೇಪರನ್ನೆಲ್ಲ ತಿರುವಿ ಹಾಕುತ್ತಿದ್ದ. ಆ ರೈಲಿನ ಓಟ ನಿಮಗೆ ಗೊತ್ತಿರಲಿಕ್ಕಿಲ್ಲ. ದಿಣ್ಣೆ ಬಂದರೆ ಇಳಿದು, ಬೀಡಿ ಹಚ್ಚಿಕೊಂಡು, ಸಾವಕಾಶವಾಗಿ ನಡೆದು ಮತ್ತೆ ಹತ್ತಬಹುದಿತ್ತು.

ಒಂದು ಗುರುವಾರ ಆ ಜಾಹೀರಾತು ಬಂತು. ರೇಷ್ಮೆ ಕೆಲಸ ತಿಳಿದ ಒಬ್ಬ ಬೇಕು, ಸರ್ಕಾರಿ ಹುದ್ದೆ, ಊರೂರಿಗೆ ಹೋಗಿ ರೈತರಿಗೆ ಹುಳು ಸಾಕಣೆ ತೋರಿಸಿಕೊಡಬೇಕು. ಅರ್ಜಿಗೆ ಮುಂದಿನ ಬುಧವಾರವೇ ಕೊನೆ. ಓದಿದ ಕೂಡಲೇ ಮುನಿರಾಜುವಿನ ಮುಖ ಕಣ್ಣೆದುರಿಗೆ ಬಂತು. ಅವನಿಗೆಂದೇ ಹೊಲಿದ ಅಂಗಿ ಅದು. ಅಷ್ಟೇ ಅಲ್ಲ, ಆ ಯುಗಾದಿ ಕಳೆದರೆ ಅವನಿಗೆ ಸರ್ಕಾರಿ ಕೆಲಸದ ವಯಸ್ಸೇ ಮೀರಿ ಹೋಗುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಹಿಂದಿನ ದಿನವಷ್ಟೇ ಅತ್ತೆ ಮುದ್ದೆ ಬಡಿಸುತ್ತಾ, “ಮನೇಲಿ ಒಂದು ಸೊನ್ನೆ ಸಾಲ್ದು ಅಂತ ಇನ್ನೊಂದು ಸೊನ್ನೆ ಬರ್ತದೆ ಪ್ರತಿ ಭಾನುವಾರ,” ಅಂದಿದ್ದರು. ಆ ಮಾತು ಹೊಟ್ಟೆಯಲ್ಲಿ ಕೂತಿತ್ತು. ಜೇಬಿನಲ್ಲಿ ಪೆನ್ಸಿಲು ಹೆರೆಯುವ ಅರ್ಧ ಬ್ಲೇಡು ಇತ್ತು. ನಾರಾಯಣಪ್ಪನವರು ನೀರು ಕುಡಿಯಲು ಎದ್ದರು. ಮೊಹರಿಗೆ ತಾಗದ ಹಾಗೆ, ಬಹಳ ನೀಟಾಗಿ ನಾಲ್ಕು ಗೆರೆ ಎಳೆದೆ. ಜಾಹೀರಾತು ನನ್ನ ಜೇಬಿಗೆ ಬಂತು. ಶುಕ್ರವಾರವೇ ರಿಜಿಸ್ಟರ್ ಅಂಚೆಯಲ್ಲಿ ನನ್ನ ಅರ್ಜಿ ಹೋಯಿತು. ಶಿಡ್ಲಘಟ್ಟದ ಬೀದಿಯಲ್ಲಿ ಬೇಯಿಸಿದ ಗೂಡಿನ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದ ನಾನು, ರೇಷ್ಮೆಯೇ ನನ್ನ ಪ್ರಾಣ ಎಂದು ಬರೆದಿದ್ದೆ. ಗಟ್ಟಿಯಾಗಿ ಮಾತ್ರ ಓದಲಿಲ್ಲ.

ಭಾನುವಾರ ಮುನಿರಾಜು ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಮೊದಲು ನನಗೆ ಸಮಾಧಾನವಾಯಿತು. ಸೋಮವಾರ ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ವ್ಯಾಪಾರಿಯೊಬ್ಬರು ವಾಚನಾಲಯಕ್ಕೆ ಬಂದವರು ಹೇಳಿದರು: ಮುನಿರಾಜುವಿನ ತಾಯಿ ಕುದಿಯುವ ನೀರಿಗೆ ಕೈ ಸುಟ್ಟುಕೊಂಡಿದ್ದಾರೆ, ಮಗ ಮನೆ ಬಿಟ್ಟು ಕದಲುವ ಹಾಗಿಲ್ಲ. ಅದೇ ಹೊತ್ತಿಗೆ ನಾರಾಯಣಪ್ಪನವರು ಗುರುವಾರದ ಪೇಪರನ್ನು ನನ್ನೆದುರಿಗೆ ಹರಡಿದರು. ಕಿಟಕಿಯಲ್ಲಿ ಬೆರಳು ತೂರಿಸಿ ಆಚೆ ಈಚೆ ಆಡಿಸಿದರು.

“ಇಲ್ಲೇನಿತ್ತೋ. ಯಾರಿಗೆ ಬೇಕಾಗಿತ್ತೋ ಪಾಪ,” ಅಂದರು. ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಒಂದು ಸುಳ್ಳು ಹೇಳಿ ಬಚಾವಾಗುತ್ತಿದ್ದೆನೋ ಏನೋ.

ಮಧ್ಯಾಹ್ನದ ರೈಲು ಹಿಡಿದೆ. ಅವತ್ತು ದಿಣ್ಣೆಯಲ್ಲೂ ನಾನು ಇಳಿಯಲಿಲ್ಲ. ಮುನಿರಾಜುವಿನ ಹಿತ್ತಲಲ್ಲಿ ಅವನೇ ಒಲೆಯ ಮುಂದೆ ಕೂತು ನೂಲು ಬಿಚ್ಚುತ್ತಿದ್ದ. ಅವನ ತಾಯಿ ಕಟ್ಟು ಹಾಕಿದ ಕೈಯನ್ನೇ ಎತ್ತಿ, “ರಾ ನಾಯ್ನಾ, ಕೂಸೋ,” ಎಂದು ತೆಲುಗಿನಲ್ಲಿ ಕೂರಲು ಹೇಳಿದರು. ನಾನು ಕೂರಲಿಲ್ಲ. ಜೇಬಿನ ತುಂಡು ತೆಗೆದು ಕೊಟ್ಟೆ.

“ಕಡ್ಲೆಕಾಯಿ ಕಟ್ಟಿಕೊಟ್ಟ ಕಾಗದದಲ್ಲಿ ಸಿಕ್ತು ಕಣೋ. ಬುಧವಾರ ಕೊನೆ,” ಅಂದೆ. ಬ್ಲೇಡಿನಲ್ಲಿ ಚೌಕವಾಗಿ ಕತ್ತರಿಸಿದ, ಒಂದು ಸುಕ್ಕೂ ಇಲ್ಲದ ಕಾಗದ. ಅದರಲ್ಲಿ ಕಡಲೆಕಾಯಿ ಕಟ್ಟುವ ಅಂಗಡಿ ಭೂಲೋಕದಲ್ಲಿ ಇದೆಯೇ, ನೀವೇ ಹೇಳಿ.

ಅವನು ಒದ್ದೆ ಕೈ ಒರೆಸಿಕೊಂಡು ಓದಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ. ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ, “ಹಿಂದುಗಡೆ ಓದಿದ್ಯೇನೋ ನೀನು? ನಗರಗೆರೆ ಸ್ಕೂಲಿಗೆ ಮೇಷ್ಟ್ರು ಬೇಕಂತೆ. ಅರ್ಧಕ್ಕೆ ಕತ್ತರಿಸಿ ಹೋಗಿದೆ. ಇದು ನಿನ್ನ ಕೆಲಸ ಕಣೋ, ಅತ್ತೆ ಮನೇಲಿ ಹುಡುಗ್ರಿಗೆ ಕತೆ ಹೇಳ್ಕೊಂಡು ಕೂತಿರ್ತೀಯಲ್ಲ,” ಅಂದ. ನಾಲ್ಕು ದಿನ ಎದೆಯ ಮೇಲೆ ಹೊತ್ತು ತಿರುಗಿದ್ದರೂ ನಾನು ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅವನು ತನಗೆ ಬೇಕಾದ್ದನ್ನು ಬರೆದುಕೊಂಡು ತುಂಡನ್ನು ನನಗೇ ವಾಪಸು ಕೊಟ್ಟ. ಮಂಗಳವಾರ ಬೆಂಗಳೂರಿಗೆ ಹೋಗಿ ಅರ್ಜಿಯನ್ನು ಕೈಯಾರೆ ಕೊಟ್ಟು ಬಂದ.

ನನ್ನ ಪಾಡು ಕೇಳಿ. ಉಳಿದರ್ಧ ಜಾಹೀರಾತು, ವಿಳಾಸದ ಸಮೇತ, ವಾಚನಾಲಯದಲ್ಲಿತ್ತು. ಅದು ಬೇಕೆಂದರೆ ನಾರಾಯಣಪ್ಪನವರ ಎದುರಿಗೇ ತುಂಡನ್ನು ಕಿಟಕಿಗೆ ಕೂರಿಸಬೇಕು. ಮಂಗಳವಾರ ಬೆಳಿಗ್ಗೆ, ಬೇರೆಯವರು ಬರುವ ಮುಂಚೆ, ಕೂರಿಸಿದೆ. ತುಂಡಿನ ಹಿಂಬದಿಯ ಮೂಲೆಯಲ್ಲಿ ಅರ್ಧ ಮೊಹರು, ಪೇಪರಿನಲ್ಲಿ ಇನ್ನರ್ಧ. ಎರಡೂ ಸೇರಿ ದುಂಡಗಾಯಿತು. ಈ ಅರ್ಧ ಮೊಹರನ್ನು ಮುನಿರಾಜು ನೋಡಿದನೋ?

ನಾರಾಯಣಪ್ಪನವರು ಗೋಂದಿನ ಸೀಸೆ ತಂದು ಅಂಚಿಗೆಲ್ಲ ಹಚ್ಚಿ ಒತ್ತಿದರು. “ಸರಿಯಾಗಿ ಕೂತ್ಕೊಂತು,” ಅಂದರು. ಆಮೇಲೆ, “ಕೆಲಸ ಹುಡುಕೋನು ಎರಡೂ ಮಗ್ಗುಲು ಓದ್ಬೇಕಪ್ಪಾ,” ಅಂದರು. ಅಷ್ಟೇ. ಸಾಯುವ ತನಕ ಆ ವಿಷಯ ಮತ್ತೆ ಎತ್ತಲಿಲ್ಲ.

ರೇಷ್ಮೆಯ ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂತು. ಅಂಗೈ ಮೇಲೆ ಒಂದು ಗೂಡು ಇಟ್ಟು ‘ಹೇಗಿದೆ ಹೇಳಿ’ ಅಂದರು. ನಾನು ಅದನ್ನು ಮೂಗಿನಿಂದ ದೂರ ಹಿಡಿದು ‘ಬೆಳ್ಳಗಿದೆ’ ಅಂದೆ. ಮುನಿರಾಜು ಕಿವಿಯ ಹತ್ತಿರ ಅಲ್ಲಾಡಿಸಿ, ಯಾವತ್ತು ಬಿಡಿಸಿದ್ದು ಅನ್ನುವುದನ್ನೂ ಹೇಳಿದನಂತೆ. ಯುಗಾದಿಗೆ ಮುಂಚೆ ಅವನಿಗೆ ಆರ್ಡರು ಬಂತು. ನಾನು ಅರ್ಜಿ ಹಾಕಿದ್ದ ನಗರಗೆರೆಯವರು ಮೊದಲು ಬೇರೊಬ್ಬ ಮೇಷ್ಟ್ರನ್ನು ತೆಗೆದುಕೊಂಡರು. ಆರು ತಿಂಗಳಿಗೆ ಅವರು ಓಡಿಹೋದ ಮೇಲೆ ನನ್ನನ್ನು ಕರೆದರು. ಯಾಕೆ ಓಡಿದರು ಎಂದು ವಿಚಾರಿಸಿದೆ. ಸಂಜೆಯಾದರೆ ಊರಲ್ಲಿ ಮಾತಿಗೆ ಜನವಿಲ್ಲ ಅಂದರಂತೆ. ನನಗೆ ಮಾತಿಗೆ ಹುಡುಗರೇ ಸಾಕು. ನಿವೃತ್ತನಾಗುವವರೆಗೆ ನಗರಗೆರೆ ಇರುವ ಈ ಗೌರಿಬಿದನೂರು ತಾಲ್ಲೂಕು ಬಿಟ್ಟು ಕದಲಲಿಲ್ಲ.

ಕಷ್ಟವಾಗಿದ್ದು ಆಮೇಲೆ. ಮುನಿರಾಜು ತನ್ನ ಮದುವೆಯಲ್ಲಿ, ಮಕ್ಕಳ ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ ನನ್ನನ್ನು ಎಳೆದು ತಂದು ಎಲ್ಲರೆದುರು ನಿಲ್ಲಿಸಿ, “ಇವ್ನು ಅವತ್ತು ರೈಲು ಹತ್ತಿ ಬಂದು ಹೇಳ್ದೆ ಇದ್ದಿದ್ರೆ ನಾನು ಇವತ್ತಿಗೂ ನೀರು ಕಾಯಿಸ್ಕೊಂಡು ಕೂತಿರ್ತಿದ್ದೆ,” ಅನ್ನುತ್ತಿದ್ದ. ಜನ ನನ್ನನ್ನು ದೇವರ ಹಾಗೆ ನೋಡುತ್ತಿದ್ದರು. ನಾನು ಎಲೆಯ ಮುಂದೆ ತಲೆ ಬಗ್ಗಿಸಿ ಪಾಯಸ ತಿನ್ನುತ್ತಿದ್ದೆ. ಒಂದು ಸಲವೂ ಅದು ಸಿಹಿ ಹತ್ತಲಿಲ್ಲ.

ಇವತ್ತು ನನ್ನಾಕೆಯಿಂದ ಚಟ್ನಿಯ ತುಂಡನ್ನು ಕೇಳಿ ತೆಗೆದುಕೊಂಡೆ. ತಿರುಗಿಸಿದರೆ, ದಾದಿಯರು ಬೇಕಾಗಿದ್ದಾರೆ ಎಂಬ ಅರ್ಧ ಜಾಹೀರಾತು. ಕಿಟಕಿಗೆ ಹೊಂದಿಸಿ ಪೂರ್ತಿ ಓದಿ, ನರ್ಸಿಂಗ್ ಮುಗಿಸಿ ಮನೆಯಲ್ಲಿರುವ ಎದುರು ಮನೆಯ ಹುಡುಗಿಗೆ ಹೋಗಿ ಹೇಳಿ ಬಂದೆ. ಆ ಧೈರ್ಯ ಆರುವ ಮುಂಚೆ ಶಿಡ್ಲಘಟ್ಟಕ್ಕೆ ಫೋನು ಮಾಡಿದೆ. ಬ್ಲೇಡು, ಜೇಬು, ಕಡಲೆಕಾಯಿ, ಎಲ್ಲ ಹೇಳಿದೆ.

“ಗೊತ್ತು ಕಣೋ,” ಅಂದ ಮುನಿರಾಜು. “ತಿರುಗಿಸಿದಾಗ್ಲೇ ಅರ್ಧ ಮೊಹರು ಕಾಣಿಸ್ತು.”

“ಮತ್ತೆ ಅವತ್ತೇ ಯಾಕೆ ಬೈಲಿಲ್ಲ?”

“ಎರಡೇ ದಿನ ಇತ್ತಲ್ಲಪ್ಪಾ. ಅರ್ಜಿ ಬರೀಬೇಕಾಗಿತ್ತು. ಜಗಳ ಆಡೋಕೆ ಹೊತ್ತೆಲ್ಲಿತ್ತು?”

“ಹೋಗ್ಲಿ, ಇಷ್ಟು ವರ್ಷ ಊರಿಗೆಲ್ಲ ಹಾಗೆ ಹೊಗಳ್ಕೊಂಡು ಬಂದ್ಯಲ್ಲ?”

ಆ ಕಡೆ ಅವನು ಸ್ವಲ್ಪ ಹೊತ್ತು ಕೆಮ್ಮಿದ. “ನೀನು ಕತ್ತರಿಸಿದ್ದೂ ನಿಜ, ರೈಲು ಹತ್ತಿ ಬಂದಿದ್ದೂ ನಿಜ. ನಾನು ಮಕ್ಕಳಿಗೆ ಎರಡನೇದು ಹೇಳ್ದೆ, ಅಷ್ಟೆ. ಸರಿ, ಯಾವಾಗ ಬರ್ತೀಯ? ಪಾಯಸ ಮಾಡಿಸ್ತೀನಿ.”