ಕಾಲುಚೀಲದ ಗೊಂಬೆ ಕೈ ಮುಗಿದದ್ದು

ನನ್ನ ಹೆಂಡತಿ ತೀರಿಕೊಂಡ ದಿನ ನಾನು ಎರಡು ಸುದ್ದಿ ಕೊಟ್ಟೆ. ಬಂಧುಗಳಿಗೆ ಫೋನಿನಲ್ಲಿ ಹೇಳಿದ್ದು ನಿಜ. ಐದು ವರ್ಷದ ಮಗಳಿಗೆ ಹೇಳಿದ್ದು ಸುಳ್ಳು: "ಅಮ್ಮ ಜಗಳೂರಿಗೆ ಹೋಗಿದಾಳೆ, ಅಜ್ಜಿ ಮನೆಗೆ." ಹೆಣ ಮನೆಗೆ ಬರುವ ಮೊದಲೇ ಅವಳನ್ನು ಗೋವಿನಕೋವಿಯ ನನ್ನ ಅಕ್ಕನ ಮನೆಗೆ ಕಳಿಸಿಬಿಟ್ಟೆ. ಹೊನ್ನಾಳಿಯಿಂದ ಪತ್ರಿಕೆಗೆ ವರದಿ ಬರೆಯುವವನು ನಾನು. ಇಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳದೆ ಯಾರ ಸಾವಿನ ಸುದ್ದಿಯನ್ನೂ ಕಳಿಸಿದವನಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಮಗಳನ್ನು ಕರೆತಂದೆ. ಬಟ್ಟೆಬರೆ ತರಲು ಊರಿಗೆ ಹೋಗಿದ್ದ ನನ್ನ ಅತ್ತೆ ಅದೇ ಸಂಜೆ ಜಗಳೂರಿನಿಂದ ಬಂದಿಳಿದರು. ಇನ್ನು ನಮ್ಮ ಜೊತೆಗೇ ಇರುವುದೆಂದು ತೀರ್ಮಾನವಾಗಿತ್ತು. ಮಗಳು ಅವರ ಹಿಂದೆ ಬೀದಿಯತ್ತ ಇಣುಕಿ, "ಅಜ್ಜೀ, ಅಮ್ಮನ್ನ ಯಾಕೆ ಬಿಟ್ಟು ಬಂದೆ?" ಎಂದಳು.

ಅತ್ತೆ ಹೊಸ್ತಿಲಲ್ಲೇ ಕುಸಿದು ಅತ್ತರು. ಮಗಳು ನನ್ನ ಕಡೆ ತಿರುಗಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಅವಳೂ ಬಿಡಲಿಲ್ಲ.

ಎಂಟು ತಿಂಗಳು ಹಾಗೇ ಕಳೆಯಿತು. ಕಿವಿಯೂ ಗಂಟಲೂ ಸರಿಯಾಗಿವೆ ಎಂದು ದಾವಣಗೆರೆಯ ವೈದ್ಯರು ಹೇಳಿದರು. ಶಾಲೆಯ ಟೀಚರ್ ಒಳ್ಳೆಯವರು. "ಇವಳು ಹಿಂಗೇ ಇದ್ರೆ ಒಂದನೇ ಕ್ಲಾಸಿಗೆ ಕೂರಿಸಾಕೆ ಕಷ್ಟ ಐತೆ ಸರ್. ಗೊಂಬೆ ಆಡಿಸಿ ನೋಡ್ರಿ, ಕೆಲವು ಮಕ್ಕಳು ಗೊಂಬೆ ಜೊತೆ ಮಾತಾಡ್ತಾವೆ" ಎಂದರು.

ನನ್ನ ಹಳೆಯ ಕಪ್ಪು ಕಾಲುಚೀಲ ಒಂದನ್ನು ಒಗೆದು ಒಣಗಿಸಿದೆ. ಯಾರದೋ ಮದುವೆಯ ಕರೆಯೋಲೆಯ ದಪ್ಪ ಕಾಗದವನ್ನು ಮಡಚಿ ಒಳಗೆ ಸೇರಿಸಿದ್ದರಿಂದ ಬಾಯಿ ತೆರೆದು ಮುಚ್ಚುವಂತಾಯಿತು. ಕಣ್ಣಿಗೆ ಅಂಗಿಯ ಗುಂಡಿ ಹೊಲಿದೆ. ಎರಡು ಕಣ್ಣೂ ದೂರ ದೂರವಾಗಿ ಕಪ್ಪೆಯಂತೆ ಕಾಣುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯುವ ತಾಳ್ಮೆ ಇರಲಿಲ್ಲ.

ಅತ್ತೆಗೆ ಸಿಟ್ಟು ಬಂತು. "ಕಾಲಿಗೆ ಹಾಕೋದನ್ನ ಕೂಸಿನ ಮುಖಕ್ಕೆ ಹಿಡೀತೀರಲ್ರೀ! ಓದಿದೋರು ನೀವು!"

"ಒಗ್ದೀನಿ ಅತ್ತೆ."

"ಒಗುದ್ರೆ ಸಾಕ್ಸು ಟೋಪಿ ಆಗತೈತಾ?"

ಒಂದು ಶನಿವಾರ ಶಾಲೆಯಲ್ಲೇ ಆಡಿಸಿದೆ. ಮೇಜಿನ ಹಿಂದೆ ಮಂಡಿಯೂರಿ ಕೂತು, ದನಿ ಕೀರಲು ಮಾಡಿಕೊಂಡು, ಬಸ್ಸು ತಪ್ಪಿಸಿಕೊಂಡ ಕಪ್ಪೆಯ ಕಥೆ ಹೇಳಿದೆ. "ಏ, ಅದು ಸಾಕ್ಸು ಕಣ್ರೋ! ವಾಸನೆ ಐತೆ!" ಎಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಜಿನ ಸಂದಿಯಿಂದ ನೋಡಿದೆ. ನನ್ನ ಮಗಳು ಗೋಡೆ ನೋಡುತ್ತಿದ್ದಳು. ಉಳಿದ ಕಥೆಯನ್ನು ಹೇಗೆ ಮುಗಿಸಿದೆನೋ ತಿಳಿಯದು.

ಮರುದಿನ ಭಾನುವಾರ ಮಧ್ಯಾಹ್ನ. ಅತ್ತೆ ನಡುಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ನಾನು ಮತ್ತೆ ಗೊಂಬೆ ತೊಟ್ಟು ಮಗಳೆದುರು ಕೂತೆ. ಇದ್ದ ಕಥೆಗಳೆಲ್ಲ ಮುಗಿದಿದ್ದವು. ಸುಮ್ಮನೆ ಬಾಯಿ ಆಡಿಸುತ್ತಿದ್ದಾಗ ಗೊಂಬೆಯ ಮೂತಿ ಅವಳ ಕೆನ್ನೆಗೆ ತಾಗಿತು.

ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮಕ್ಕಳಿಗೆ ಮಾತಿಗಿಂತ ಮೊದಲೇ ಬರುವ ಪಾಠ. ಅದನ್ನು ಅವಳಿಗೆ ಕಲಿಸಿದ್ದು ಅವಳ ಅಮ್ಮ.

"ಕಾಲು ತಗುಲ್ತು," ಎಂದಳು ಮಗಳು. ದನಿ ಒಡೆದಿತ್ತು. "ಕೈ ಮುಗಿ."

ಶೇಂಗಾ ಸುಲಿಯುವ ಸದ್ದು ನಿಂತಿತು. ಗೊಂಬೆಯನ್ನು ಅವಳ ಕೆನ್ನೆಗೆ ಮುಟ್ಟಿಸಿ, ಅದರ ತಲೆ ಬಗ್ಗಿಸಿದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಇನ್ನೆಂದೂ ಹೇಳಲಾರೆ ಅನಿಸಿತು.

"ಇನ್ನೊಂದು ತಪ್ಪು ಆಗೈತೆ," ಎಂದಿತು ಗೊಂಬೆ, ಕೀರಲು ದನಿಯಲ್ಲಿ. "ನಿಮ್ಮಮ್ಮ ಜಗಳೂರಿಗೆ ಹೋಗಿರ್ಲಿಲ್ಲ. ಸತ್ತೋದ್ಲು. ಮತ್ತೆ ಬರಲ್ಲ."

"ನಿಂಗ್ಯಾರು ಹೇಳಿದ್ರು?"

ನನ್ನ ಸಂಪಾದಕರು ಕೇಳುವಂತೆಯೇ ಕೇಳಿದಳು.

"ನಿಮ್ಮಪ್ಪ."

ಅವಳು ಗುಂಡಿಯ ಕಣ್ಣುಗಳನ್ನೇ ನೋಡುತ್ತಿದ್ದಳು, ನನ್ನನ್ನಲ್ಲ. "ಅವನಿಗೂ ಕೈ ಮುಗಿಯಾಕೆ ಹೇಳು."

ಕಾಲುಚೀಲ ಕಳಚಿದೆ. ಒಳಗಿನ ಕಾಗದ ಬೆವರಿಗೆ ಮೆತ್ತಗಾಗಿ ಬೆರಳಿಗೆ ಅಂಟಿಕೊಂಡಿತ್ತು. ಎರಡೂ ಕೈ ಜೋಡಿಸಿ ಹಣೆಗೆ ತಂದೆ. ಕೀರಲು ದನಿಯಿಲ್ಲದೆ ನನಗೆ ಏನೂ ಹೇಳಲಾಗಲಿಲ್ಲ.

ಅವಳು ನೆಲದ ಮೇಲಿದ್ದ ಕಾಲುಚೀಲವನ್ನು ಎತ್ತಿ, ಮೊಣಕೈವರೆಗೆ ಎಳೆದು ತೊಟ್ಟುಕೊಂಡು, ಅದರ ಬಾಯನ್ನು ನನ್ನ ಕಡೆ ತಿರುಗಿಸಿ ತೆರೆದಳು.